ಹಣ್ಣಿನ ಬುಟ್ಟಿ ಸುತ್ತ ಸಣ್ಣ ನೊಣ, ಮಾವಿನಹಣ್ಣಿನೊಳಗೆ ಬಿಳಿ ಹುಳ: ಎರಡೂ ಒಂದೇನಾ?

ಬೆತ್ತದಬುಟ್ಟಿ

ಎಲ್ಲರಿಗೂ ನಮಸ್ಕಾರ. ನಮ್ಮನೇಲಿ ಊಟಕ್ಕಿಂತ ಹಣ್ಣೇ ಹೆಚ್ಚು ಖರ್ಚಾಗೋದು, ಮಕ್ಕಳಿಬ್ಬರೂ ಹಾಗಿದ್ದಾರೆ. ಅಡುಗೆಮನೆ ಕಟ್ಟೆ ಮೇಲೆ ಒಂದು ಬೆತ್ತದ ಬುಟ್ಟಿ ಯಾವಾಗಲೂ ತುಂಬಿರುತ್ತೆ. ಬಾಳೆ, ಮಾವು, ಸೀಬೆ, ಸೇಬು, ದ್ರಾಕ್ಷಿ, ಆಯಾ ಹೊತ್ತಿಗೆ ಏನು ಸಿಕ್ಕಿದರೆ ಅದು. ಈಗ ಅದರ ಸುತ್ತ ಪುಟ್ಟ ಪುಟ್ಟ ನೊಣಗಳು, ಎಳ್ಳಿಗೆ ರೆಕ್ಕೆ ಬಂದ ಹಾಗೆ. ಕೈ ಬೀಸಿದರೆ ಏಳ್ತವೆ, ಕೈ ತೆಗೆದರೆ ಮತ್ತೆ ಅಲ್ಲೇ ಕೂರ್ತವೆ.

ಬುಟ್ಟೀಲಿದ್ದ ಹಣ್ಣನ್ನೆಲ್ಲ ತೆಗೆದು ಹೊಸದು ತಂದು ತುಂಬಿಸಿದೆ. ಒಂದೆರಡು ದಿನ ಆರಾಮ, ಆಮೇಲೆ ಮತ್ತೆ ಅದೇ ಗುಂಪು. ಯಾರೋ ಹೇಳಿದರು ಅಂತ ಬಟ್ಟಲಿಗೆ ವಿನೆಗರ್ ಹಾಕಿಟ್ಟೆ. ನೊಣ ಬಂದವು, ಅಂಚಿನ ಮೇಲೆ ಕೂತವು, ಕೆಲವು ವಿನೆಗರ್ ಮೇಲೇ ಇಳಿದು ನಿಂತು ಆರಾಮಾಗಿ ಎದ್ದು ಹೋದವು. ಬಿದ್ದಿದ್ದು ಬಹಳ ಕಡಿಮೆ.

ಇದರ ಮಧ್ಯೆ ಮೊನ್ನೆ ಮಾವಿನಹಣ್ಣು ಹೆಚ್ಚುವಾಗ ಗೊರಟೆ ಹತ್ತಿರ ಬಿಳಿ ಹುಳ. ಒಂದಂತೂ ತಟ್ಟೆಯಿಂದ ಹಾರಿ ಕಟ್ಟೆ ಮೇಲೆ ಬಿತ್ತು! ಹುಳ ಹಾರುತ್ತಾ? ಅಷ್ಟು ಹೊತ್ತಿಗೆ ಚಿಕ್ಕವನು ಅದೇ ಹಣ್ಣಿನ ಒಂದು ಹೋಳು ತಿಂದು ಮುಗಿಸಿದ್ದ. ಅವನಿಗೇನಾದರೂ ಆಗುತ್ತಾ ಅನ್ನೋದು ನನ್ನ ಮೊದಲ ಪ್ರಶ್ನೆ. ಎರಡನೇದು, ಈ ಪುಟ್ಟ ನೊಣಗಳೇ ಮಾವಿನಹಣ್ಣಿಗೆ ಮೊಟ್ಟೆ ಇಟ್ಟಿದಾವಾ? ನಮ್ಮ ಯಜಮಾನರು "ಹಣ್ಣು ಕೊಳೆತರೆ ಹುಳ ತಾನೇ ಹುಟ್ಟುತ್ತೆ ಬಿಡು" ಅಂತಾರೆ. ಕೀಟನಾಶಕದ ಸ್ಪ್ರೇ ಹೊಡೆಯೋಣ ಅಂತಲೂ ಅವರೇ ಹೇಳ್ತಿದ್ದಾರೆ. ಹಣ್ಣಿನ ಹತ್ತಿರ ಅದನ್ನ ಹೊಡೆಯೋಕೆ ನನಗೆ ಮನಸ್ಸಿಲ್ಲ. ಗೊತ್ತಿದ್ದವರು ಹೇಳಿ.

ಸೀದಾಮಾತು

ಹಣ್ಣನ್ನೆಲ್ಲ ಫ್ರಿಜ್‌ಗೆ ತುಂಬಿ. ಮುಗೀತು ಕತೆ.

ನೊಣಸಾಕಿದವನು

ಫ್ರಿಜ್‌ನಿಂದ ಅರ್ಧ ಮುಗಿಯುತ್ತೆ, ಪೂರ್ತಿ ಅಲ್ಲ. ಅದಕ್ಕೆ ಆಮೇಲೆ ಬರ್ತೀನಿ.

ಮೊದಲು ಮಗುವಿನ ವಿಷಯ. ಹೆದರಬೇಡಿ. ಹಣ್ಣಿನ ಹುಳ ಹಣ್ಣು ತಿಂದು ಬೆಳೆದದ್ದು. ಹೊಟ್ಟೆಗೆ ಹೋದರೆ ಉಳಿದ ಆಹಾರದ ಜೊತೆ ಅದೂ ಅರಗುತ್ತೆ, ಸಾಮಾನ್ಯವಾಗಿ ಏನೂ ಆಗಲ್ಲ. ಹಣ್ಣು ಹುಳಿ ವಾಸನೆ ಬರೋವಷ್ಟು ಕೊಳೆತಿದ್ದರೆ ಆ ಕೊಳೆಗೆ ಹೊಟ್ಟೆ ಕೆಡಬಹುದು. ವಾಂತಿ, ಭೇದಿ, ಹೊಟ್ಟೆನೋವು ಏನಾದರೂ ಕಂಡರೆ ಡಾಕ್ಟರ್ ಹತ್ತಿರ ಹೋಗಿ. ಇಲ್ಲದಿದ್ದರೆ ಹುಡುಗನ ಎದುರು ಆ ಸುದ್ದಿ ಎತ್ತದೇ ಇರೋದು ಒಳ್ಳೇದು. ಹೇಳಿದರೆ ಅವನು ಮಾವಿನಹಣ್ಣು ತಿನ್ನೋದೇ ಬಿಟ್ಟಾನು. ನಾವೆಲ್ಲ ಗೊತ್ತಿಲ್ಲದೆ ಎಷ್ಟೋ ತಿಂದಿರ್ತೀವಿ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತದವರು ಡಬ್ಬಿಯ ಕಿತ್ತಳೆ ಜಾತಿ ಹಣ್ಣಿನ ರಸಕ್ಕೆ ಒಂದು ಗೆರೆ ಹಾಕಿದ್ದಾರೆ: 250 ಮಿಲಿಲೀಟರಿಗೆ ನೊಣದ ಮೊಟ್ಟೆ 5 ಅಥವಾ ಅದಕ್ಕಿಂತ ಹೆಚ್ಚು, ಇಲ್ಲವೇ ಮರಿಹುಳ ಒಂದು ಸಿಕ್ಕರೂ ಆ ಮಾಲು ತಪ್ಪು. ಅಂದರೆ ನಾಲ್ಕು ಮೊಟ್ಟೆ ಇದ್ದರೆ ಸಹಿಸ್ತಾರೆ ಅಂತಾಯ್ತು.

ಇನ್ನು ನೊಣ. ನಾನು ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಲ್ಯಾಬ್ ಅಸಿಸ್ಟೆಂಟ್ ಆಗಿದ್ದವನು, ಈಗ ನಿವೃತ್ತ. ನಿಮ್ಮ ಬುಟ್ಟಿ ಮೇಲೆ ಹಾರಾಡ್ತಿರೋ ಇದೇ ನೊಣಾನ ಸಂಬಳ ತಗೊಂಡು ಸಾಕ್ತಿದ್ದೆ. ಹೆಸರು ಡ್ರಾಸೊಫಿಲಾ ಮೆಲನೊಗ್ಯಾಸ್ಟರ್. 1910ರಲ್ಲಿ ಮಾರ್ಗನ್ ಅನ್ನೋ ವಿಜ್ಞಾನಿ ಬಿಳಿ ಕಣ್ಣಿನ ಒಂದು ಗಂಡುನೊಣ ಹಿಡ್ಕೊಂಡು ಅನುವಂಶೀಯತೆಯ ಗುಟ್ಟು ಬಿಡಿಸೋಕೆ ಶುರುಮಾಡಿದರಲ್ಲ, 1933ರಲ್ಲಿ ನೊಬೆಲ್ ಬಂತಲ್ಲ, ಅದೇ ನೊಣ. ಅವರ ನೊಣಗಳಿಗೂ ಬಾಳೆಹಣ್ಣೇ ಆಹಾರವಾಗಿತ್ತು. ಇದನ್ನ ಸಾಕೋ ಕ್ರಮ ಗೊತ್ತಿದ್ದರೆ ಸಾಕು, ಅದರ ತದ್ವಿರುದ್ಧ ಮಾಡಿದರೆ ಓಡಿಸೋ ಕ್ರಮ ಆಯ್ತು.

ಸಾಕೋದು ಹೀಗೆ. ಸೀಸೆ ತಳಕ್ಕೆ ಮೆಕ್ಕೆಜೋಳದ ಹಿಟ್ಟು, ಸಕ್ಕರೆ, ಹೆಪ್ಪುಗಟ್ಟಿಸೋ ಅಗರ್ ಪುಡಿ ಕಾಯಿಸಿ ಹಾಕಿ, ಬೂಷ್ಟು ಹಿಡಿಯದ ಹಾಗೆ ಒಂದಿಷ್ಟು ಪ್ರೊಪಿಯೋನಿಕ್ ಆಮ್ಲ, ಮೇಲೆ ಯೀಸ್ಟ್ ಉದುರಿಸಿ, ನಾಲ್ಕಾರು ಜೋಡಿ ನೊಣ ಬಿಟ್ಟು ಬಾಯಿಗೆ ಹತ್ತಿ ತುರುಕೋದು. 25 ಡಿಗ್ರೀಲಿ ಇಟ್ಟರೆ ಮೊಟ್ಟೆಯಿಂದ ನೊಣ ಆಗೋಕೆ ಸುಮಾರು 10 ದಿನ. ಕೆಲಸ ಸ್ವಲ್ಪ ಮುಂದಕ್ಕೆ ಹಾಕಬೇಕು ಅಂದರೆ 18 ಡಿಗ್ರೀಲಿ ಇಡ್ತಿದ್ದೆವು, ಆಗ ಅದರ ಎರಡರಷ್ಟು ದಿನ ಹಿಡಿಯುತ್ತೆ. ಮೊಟ್ಟೆ ಒಂದು ದಿನದಲ್ಲಿ ಒಡೆಯುತ್ತೆ, ಮರಿಹುಳ ನಾಲ್ಕೈದು ದಿನ ತಿನ್ನುತ್ತೆ, ಆಮೇಲೆ ನಾಲ್ಕು ದಿನದ ಆಸುಪಾಸು ಗೂಡಿನಲ್ಲಿ. ಹೊರಬಂದ ಹೆಣ್ಣು ಎರಡು ದಿನದೊಳಗೆ ತಾನೇ ಮೊಟ್ಟೆ ಇಡೋಕೆ ತಯಾರು. ಜೀವಮಾನದಲ್ಲಿ ನೂರಾರು ಇಡುತ್ತೆ.

ಇದರಲ್ಲಿ ಎರಡು ವಿಷಯ ಗಮನಿಸಿ, ನಿಮ್ಮ ಕಷ್ಟ ಅಲ್ಲೇ ಇದೆ.

ಒಂದು, ಈ ನೊಣಕ್ಕೆ ಬೇಕಾಗಿರೋದು ಬರೀ ಹಣ್ಣಲ್ಲ, ಹಣ್ಣಿನ ಮೇಲೆ ಬೆಳೆಯೋ ಯೀಸ್ಟ್. ಹುಳಿ ಬರ್ತಿರೋ ಒದ್ದೆ ಜಾಗ ಎಲ್ಲಿದ್ದರೂ ಅದಕ್ಕೆ ಸರಿ. ಗಟ್ಟಿಯಾದ, ಗಾಯವಿಲ್ಲದ ಸಿಪ್ಪೆಯನ್ನ ಚುಚ್ಚೋ ಶಕ್ತಿ ಇದಕ್ಕಿಲ್ಲ. ಬಾಳೆಹಣ್ಣಿನ ತೊಟ್ಟು ಹರಿದ ಜಾಗ, ದ್ರಾಕ್ಷಿ ತೊಟ್ಟಿನಿಂದ ಕಳಚಿದಾಗ ಬೀಳೋ ಸಣ್ಣ ಗುಂಡಿ, ಸೇಬಿನ ಜಜ್ಜಿದ ಮಗ್ಗುಲು, ಇಂಥ ಕಡೆ ಮೊಟ್ಟೆ ಇಡುತ್ತೆ. ಮೊಟ್ಟೆ ಅರ್ಧ ಮಿಲಿಮೀಟರ್ ಉದ್ದ, ಬಿಳಿ. ಒಂದು ಭೂತಕನ್ನಡಿ ಇದ್ದರೆ ಕಳಿತ ಬಾಳೆಹಣ್ಣಿನ ಬಿರುಕನ್ನ ನೋಡಿ. ಮೊಟ್ಟೆಯ ಮುಂದಿನ ತುದಿಯಿಂದ ಎರಡು ನವಿರಾದ ಎಳೆ ಹೊರಕ್ಕೆ ಚಾಚಿರ್ತವೆ. ಮೊಟ್ಟೆ ತಿರುಳಲ್ಲಿ ಹೂತಿದ್ದರೂ ಆ ಎಳೆಗಳು ಗಾಳಿಗೆ ತೆರೆದಿರ್ತವೆ, ಉಸಿರಾಟ ಅಲ್ಲಿಂದ. ನೋಡಿದವರಿಗೆ ಇದರ ಮೇಲಿನ ಸಿಟ್ಟು ಸ್ವಲ್ಪ ಇಳಿಯುತ್ತೆ, ಅದು ಬೇರೆ ಮಾತು.

ಎರಡು, ತಿಂದು ಮುಗಿಸಿದ ಮರಿಹುಳ ಒದ್ದೇಲಿ ಗೂಡು ಕಟ್ಟೋದು ಕಡಿಮೆ. ಒಣ ಜಾಗ ಹುಡುಕಿಕೊಂಡು ಮೇಲಕ್ಕೆ ಹತ್ತುತ್ತೆ. ನಮ್ಮ ಸೀಸೆಗಳಲ್ಲಿ ತಳದ ಆಹಾರದಲ್ಲಿ ಗೂಡು ಸಿಗ್ತಿದ್ದದ್ದು ಅಪರೂಪ. ಗಾಜಿನ ಗೋಡೆಗೆ, ಕುತ್ತಿಗೆಗೆ, ಒಳಗಿಟ್ಟ ಕಾಗದಕ್ಕೆ ಸಾಲಾಗಿ ಅಂಟಿಕೊಂಡಿರ್ತಿದ್ದವು. ಮನೇಲೂ ಅಷ್ಟೇ. ನೀವು ಹಣ್ಣು ಬದಲಾಯಿಸಿದಿರಿ, ಬುಟ್ಟಿ ಅದೇ ಇತ್ತು. ಬೆತ್ತದ ಹೆಣಿಗೆಯ ಸಂದಿಗಿಂತ ಒಳ್ಳೇ ಜಾಗ ಅವಕ್ಕೆ ಎಲ್ಲಿ ಸಿಗಬೇಕು? ಬುಟ್ಟಿಯನ್ನ ತಲೆಕೆಳಗು ಮಾಡಿ ಬೆಳಕಿಗೆ ಹಿಡಿದು ನೋಡಿ. ಮೂರು ಮಿಲಿಮೀಟರ್ ಉದ್ದದ ಕಂದು ಕಾಳು, ಒಂದು ತುದೀಲಿ ಎರಡು ಸಣ್ಣ ಕೊಂಬು, ಹಾಗೆ ಕಂಡರೆ ಅದೇ ಗೂಡು. ಬಣ್ಣ ತೆಳುವಾಗಿದ್ದು ಒಳಗೆ ಖಾಲಿ ಕಂಡರೆ ಹಕ್ಕಿ ಹಾರಿಹೋಗಿದೆ. ಕಂದಾಗಿ ತುಂಬಿಕೊಂಡಿದ್ದು ಒಳಗಿಂದ ಕೆಂಪು ಕಣ್ಣು ಕಾಣ್ತಿದ್ದರೆ ನಾಳೆಯೋ ನಾಡಿದ್ದೋ ಹೊರಗೆ.

ಆದ್ದರಿಂದ ಬುಟ್ಟಿ ಖಾಲಿ ಮಾಡಿ, ಕೈ ತಾಳೋದಕ್ಕಿಂತ ಬಿಸಿಯಾದ ಸೋಪುನೀರಲ್ಲಿ ಮುಳುಗಿಸಿ, ಬ್ರಶ್ಶಿನಲ್ಲಿ ಸಂದಿ ಸಂದಿ ಉಜ್ಜಿ, ಬಿಸಿಲಿಗೆ ಒಣಗಿಸಿ ಅಟ್ಟಕ್ಕೆ ಹಾಕಿ. ಸದ್ಯಕ್ಕೆ ಸ್ಟೀಲಿನದೋ ಗಾಜಿನದೋ ಪಾತ್ರೆ ಇಟ್ಟುಕೊಳ್ಳಿ. ಹಣ್ಣನ್ನ ಎರಡು ವಾರ ಫ್ರಿಜ್ಜಲ್ಲಿಡಿ, ಇಲ್ಲವೇ ತೆಳು ಹತ್ತಿಬಟ್ಟೆ ಹೊದಿಸಿ ಅಂಚು ಬಿಗಿಯಾಗಿ ಕಟ್ಟಿ. ಸೊಳ್ಳೆಪರದೆ ನಂಬಬೇಡಿ, ಇವಕ್ಕೆ ಅದರ ಕಣ್ಣು ದೊಡ್ಡದು. ಎರಡು ವಾರ ಯಾಕೆ ಅಂದರೆ, ಈಗಾಗಲೇ ಎಲ್ಲೋ ಇಟ್ಟ ಮೊಟ್ಟೆ ನೊಣ ಆಗಿ, ಮುಂದಿನ ಮೊಟ್ಟೆಗೆ ಜಾಗ ಸಿಗದೆ ಸಾಯಬೇಕು. ಮಧ್ಯೆ ಒಂದು ದಿನ ಕೊಳೆತ ಬಾಳೆಹಣ್ಣು ಕಟ್ಟೆ ಮೇಲೆ ಉಳಿದರೂ ಲೆಕ್ಕ ಮೊದಲಿಂದ ಶುರು.

ಹಣ್ಣಿನ ಆಚೆಗೂ ಹುಡುಕಬೇಕು. ಕಸದ ಡಬ್ಬಿಯ ಚೀಲದ ಕೆಳಗೆ ಸೋರಿ ನಿಂತ ರಸ. ಮುಚ್ಚಳದ ಒಳ ಅಂಚು. ತೊಳೆಯದೆ ಇಟ್ಟ ಜ್ಯೂಸ್ ಬಾಟಲಿ. ಆಲೂಗಡ್ಡೆ, ಈರುಳ್ಳಿ ಚೀಲದ ತಳದಲ್ಲಿ ಸದ್ದಿಲ್ಲದೆ ಕೊಳೀತಿರೋ ಒಂದೇ ಒಂದು ಗೆಡ್ಡೆ, ಇಡೀ ಮನೆಗೆ ಸಾಕಾಗೋಷ್ಟು ನೊಣ ಕೊಡುತ್ತೆ. ಒದ್ದೆಯಾಗಿಯೇ ಇರೋ ನೆಲ ಒರೆಸೋ ಬಟ್ಟೆ, ಪಾತ್ರೆ ಉಜ್ಜೋ ಸ್ಪಂಜು. ಸಿಂಕಿನ ಜಾಲರಿ ಕೆಳಗಿನ ಲೋಳೆ.

ವಿನೆಗರ್ ಬಲೆ ತಪ್ಪಲ್ಲ, ಅದಕ್ಕೆ ಎರಡು ತಿದ್ದುಪಡಿ ಬೇಕು. ನಿಮ್ಮ ನೊಣ ವಿನೆಗರ್ ಮೇಲೆ ನಿಂತು ಎದ್ದುಹೋಯ್ತಲ್ಲ, ಅಷ್ಟು ಹಗುರದ ದೇಹವನ್ನ ದ್ರವದ ಮೇಲ್ಪೊರೆ ಹೊತ್ತುಕೊಳ್ಳುತ್ತೆ. ಪಾತ್ರೆ ತೊಳೆಯೋ ಲಿಕ್ವಿಡ್ ಒಂದು ತೊಟ್ಟು ಹಾಕಿ ಮೆಲ್ಲಗೆ ಕಲಸಿ, ಆ ಪೊರೆ ಸಡಿಲ ಆಗುತ್ತೆ, ಕೂತ ತಕ್ಷಣ ಮುಳುಗ್ತವೆ. ಒಂದೇ ತೊಟ್ಟು, ಜಾಸ್ತಿ ಹಾಕಿದರೆ ಸೋಪಿನ ವಾಸನೆ ವಿನೆಗರ್ ವಾಸನೆಯನ್ನ ಮುಚ್ಚುತ್ತೆ. ಇನ್ನೊಂದು, ಬಟ್ಟಲಿನ ಬದಲು ಲೋಟ ತಗೊಂಡು, ಕಾಗದ ಸುತ್ತಿ ಆಲಿಕೆ ಮಾಡಿ, ಚೂಪು ತುದೀಲಿ ನೊಣ ನುಸುಳೋವಷ್ಟು ತೂತು ಬಿಟ್ಟು, ಕೆಳಮುಖವಾಗಿ ಕೂರಿಸಿ. ಇವು ಮೇಲಕ್ಕೆ, ಬೆಳಕಿನ ಕಡೆಗೆ ಹೋಗೋ ಜಾತಿ. ಒಳಗೆ ಬಂದ ಮೇಲೆ ಆಲಿಕೆಯ ಅಂಚಿನ ಸುತ್ತ ಸುತ್ತುತ್ತವೆ, ನಡುವಿನ ತೂತು ಕೆಳಗಿದ್ದರೂ ಅಲ್ಲಿಗೆ ಇಳಿಯಲ್ಲ. ನಾವು ಸೀಸೆ ಬದಲಾಯಿಸುವಾಗ ಇದೇ ಗುಣ ಉಪಯೋಗಿಸ್ತಿದ್ದೆವು: ತಟ್ಟಿ ಕೆಳಗೆ ಬೀಳಿಸಿ, ಹತ್ತಿ ತೆಗೆದು, ಖಾಲಿ ಸೀಸೆಯ ಬಾಯಿ ಮೇಲಿಟ್ಟರೆ ತಾವೇ ಹತ್ತಿ ಹೋಗ್ತವೆ. ಬಿಳಿ ವಿನೆಗರ್‌ಗಿಂತ ಸೇಬಿನ ವಿನೆಗರ್ ಮೇಲು, ಅದರಲ್ಲಿ ಹುಳಿತ ಹಣ್ಣಿನ ವಾಸನೆ ಇರುತ್ತೆ.

ಬಲೇಲಿ ದಿನಾ ಬೀಳ್ತಾನೇ ಇವೆ ಅಂದರೆ ಖುಷಿಪಡಬೇಡಿ. ಎಲ್ಲೋ ಹುಟ್ತಾನೇ ಇವೆ ಅಂತ ಅರ್ಥ. ಮತ್ತೆ ಹುಡುಕೋಕೆ ಹೊರಡಿ.

ಸ್ಪ್ರೇ ಬೇಡ, ನಿಮ್ಮ ಮನಸ್ಸು ಹೇಳಿದ್ದೇ ಸರಿ. ಹಾರ್ತಿರೋದು ಸಾಯುತ್ತೆ, ಗೂಡಿನಲ್ಲಿರೋದು, ತಿರುಳಿನೊಳಗಿರೋದು ಉಳಿಯುತ್ತೆ, ತಿನ್ನೋ ಪದಾರ್ಥದ ಮೇಲೆ ವಿಷ ಮಾತ್ರ ಕೂತಿರುತ್ತೆ. ಹುಳ ತಾನೇ ಹುಟ್ಟುತ್ತೆ ಅನ್ನೋ ಯಜಮಾನರಿಗೆ ಇಟಲಿಯ ಫ್ರಾನ್ಸೆಸ್ಕೊ ರೆಡಿ ಅನ್ನೋ ವಿಜ್ಞಾನಿಯ ವಿಷಯ ಹೇಳಿ. 1668ರಲ್ಲೇ ಅವರು ಮಾಂಸ ತುಂಬಿದ ಕೆಲವು ಪಾತ್ರೆ ತೆರೆದಿಟ್ಟು, ಕೆಲವಕ್ಕೆ ತೆಳು ಬಟ್ಟೆ ಕಟ್ಟಿ ತೋರಿಸಿದ್ದರು. ತೆರೆದದ್ದರಲ್ಲಿ ಹುಳ, ಬಟ್ಟೆ ಕಟ್ಟಿದ್ದರಲ್ಲಿ ಇಲ್ಲ. ನೊಣ ಬರಲಿಲ್ಲ ಅಂದರೆ ಹುಳ ಇಲ್ಲ.

ಮಾವಿನಹಣ್ಣಿನ ಹುಳಕ್ಕೂ ಈ ನೊಣಕ್ಕೂ ಸಂಬಂಧವೇ ಇಲ್ಲ. ಅದರ ತಾಯಿ ಬೇರೆ ಕುಟುಂಬದ್ದು, ಬ್ಯಾಕ್ಟ್ರೋಸೆರಾ ಜಾತಿಗಳು. ಗಾತ್ರದಲ್ಲಿ ಮನೆನೊಣದ ಹತ್ತಿರ ಹತ್ತಿರ, ಮೈಮೇಲೆ ಹಳದಿ ಗುರುತು, ದೂರದಿಂದ ಸಣ್ಣ ಕಣಜ ಅನ್ನಿಸುತ್ತೆ. ಹೆಣ್ಣಿನ ಹಿಂಭಾಗದಲ್ಲಿ ಚೂಪಾದ ಕೊಳವೆ ಇದೆ. ಅದರಿಂದ ಮರದಲ್ಲೇ, ಹಣ್ಣು ಬಲಿಯುವಾಗಲೇ, ಸಿಪ್ಪೆ ಚುಚ್ಚಿ ಒಳಗೆ ಮೊಟ್ಟೆ ಇಡುತ್ತೆ. ಸೂಜಿಮೊನೆಯಷ್ಟು ಗುರುತು, ಸುತ್ತ ಸ್ವಲ್ಪ ಮೆತ್ತಗೆ, ಅಷ್ಟೇ. ನೀವು ಮನೆಗೆ ತರೋ ಹೊತ್ತಿಗೆ ಒಳಗೆ ಸಂಸಾರ ಶುರುವಾಗಿರುತ್ತೆ. ನಿಮ್ಮ ಅಡುಗೆಮನೆಯ ಶುಚಿಗೂ ಅದಕ್ಕೂ ಲೆಕ್ಕ ಇಲ್ಲ.

ಹಾರಿದ್ದು ನಿಜ. ಬಲಿತ ಹುಳ ಮೈಯನ್ನ ಬಳೆ ಮಾಡಿ, ಬಾಯಿಯ ಕೊಕ್ಕೆಯಿಂದ ತನ್ನ ಹಿಂಭಾಗ ಹಿಡಿದು, ಬಿಗಿದು, ಫಟ್ಟಂತ ಬಿಡುತ್ತೆ. ಹಣ್ಣು ಬಿಟ್ಟು ಮಣ್ಣು ಸೇರಬೇಕು ಅದಕ್ಕೆ, ಗೂಡು ಕಟ್ಟೋದು ಮಣ್ಣಿನಲ್ಲಿ. ಹಾಗಾಗಿ ಆ ಹಣ್ಣನ್ನ ಹೂಕುಂಡಕ್ಕೋ ಗೊಬ್ಬರದ ಗುಂಡಿಗೋ ಹಾಗೇ ಎಸೀಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ನಾಲ್ಕೈದು ದಿನ ಬಿಸಿಲಲ್ಲಿಟ್ಟು ಆಮೇಲೆ ಕಸಕ್ಕೆ ಹಾಕಿ, ಇಲ್ಲ ಫ್ರೀಜರ್‌ನಲ್ಲಿಟ್ಟು ಹಾಕಿ.

ಮಹಡಿತೋಟ

ಮಾವು, ಸೀಬೆ ಮನೆಯಲ್ಲೇ ಬೆಳೆಯುವವರಿಗೆ ಒಂದು ಮಾತು ಸೇರಿಸುತ್ತೇನೆ. ನೊಣ ಚುಚ್ಚಿದ ಮೇಲೆ ಮಾಡಲು ಏನೂ ಉಳಿದಿರುವುದಿಲ್ಲ, ಚುಚ್ಚುವ ಮೊದಲು ತಡೆಯಬೇಕು. ಕಾಯಿ ಇನ್ನೂ ಹಸಿರಾಗಿ ಗಟ್ಟಿಯಾಗಿದ್ದಾಗಲೇ ಕಾಗದದ ಅಥವಾ ಬಟ್ಟೆಯ ಚೀಲ ಕಟ್ಟಿಬಿಡಿ. ಕೆಳಗೆ ಬಿದ್ದ ಹಣ್ಣನ್ನು ದಿನವೂ ಆರಿಸಿ ತೆಗೆಯಿರಿ, ಬಿದ್ದ ಹಣ್ಣಿನಿಂದ ಹುಳ ನೇರ ಮಣ್ಣಿಗೆ ಇಳಿಯುತ್ತದೆ.

ಮೀಥೈಲ್ ಯುಜಿನಾಲ್ ಬಲೆ ತೂಗುಹಾಕಿದ್ದೇನೆ, ಆದರೂ ಹುಳ ಬರುತ್ತದೆ ಎಂದು ಹಲವರು ಬೇಸರಪಡುತ್ತಾರೆ. ಆ ವಾಸನೆಗೆ ಬರುವುದು ಗಂಡುನೊಣ ಮಾತ್ರ. ಪಕ್ಕದ ತೋಟದಲ್ಲಿ ಆಗಲೇ ಗಂಡಿನ ಜೊತೆ ಕೂಡಿ ಬಂದ ಹೆಣ್ಣು ನಿಮ್ಮ ಬಲೆಯ ಪಕ್ಕದಲ್ಲೇ ಕೂತು ಮೊಟ್ಟೆ ಇಡುತ್ತದೆ. ಒಂದಿಡೀ ಪ್ರದೇಶದವರು ಸೇರಿ ಹಾಕಿದರೆ ಗಂಡುಗಳು ಕಡಿಮೆಯಾಗಿ ಫಲ ಸಿಗುತ್ತದೆ. ಒಂದೆರಡು ಮರ ಇರುವವರಿಗೆ ಚೀಲವೇ ಮೇಲು. ಅಡುಗೆಮನೆಯಲ್ಲಿ ಆ ಬಲೆಯಿಂದ ಏನೂ ಉಪಯೋಗವಿಲ್ಲ.

ಬೆತ್ತದಬುಟ್ಟಿ

ಅಯ್ಯೋ ಸಾರ್, ಬುಟ್ಟಿ ತಲೆಕೆಳಗು ಮಾಡಿದೆ. ಹಿಡಿಯ ಬುಡದಲ್ಲಿ, ಬೆತ್ತ ಸುತ್ತಿರೋ ಕಡೆ, ಸಾಲಾಗಿ ಕೂತಿವೆ. ಇಷ್ಟು ದಿನ ಅದನ್ನ ಬೆತ್ತದ ಸಿಬುರು ಅಂದುಕೊಂಡು ಕೈಯಾಡಿಸ್ತಿದ್ದೆ. ದೊಡ್ಡವಳಿಗೆ ಭೂತಕನ್ನಡಿ ಕೊಟ್ಟೆ, ಕೊಂಬು ಕಂಡಿತು ಅಂತ ಕೂಗಿಕೊಂಡಳು. ಈಗ ಬುಟ್ಟಿ ಬಿಸಿನೀರಲ್ಲಿದೆ. ಈರುಳ್ಳಿ ಬುಟ್ಟಿಯ ತಳದಲ್ಲೂ ಒಂದು ಕೊಳೆತದ್ದು ಇತ್ತು, ವಾಸನೆ ಹೇಳೋ ಹಾಗಿಲ್ಲ.

ಇನ್ನು ಕೆಲವು ಅನುಮಾನ. ಹಣ್ಣು ತಂದ ಕೂಡಲೇ ಎಲ್ಲಾನೂ ತೊಳೆದಿಟ್ಟರೆ ಮೊಟ್ಟೆ ಹೋಗುತ್ತಾ? ಸ್ಟ್ರಾಬೆರಿಯನ್ನ ಉಪ್ಪುನೀರಲ್ಲಿ ಹಾಕಿದರೆ ಹುಳ ಹೊರಗೆ ಬರುತ್ತೆ ಅಂತ ವೀಡಿಯೊ ನೋಡಿದೆ, ಅದು ನಿಜಾನಾ? ಮತ್ತೆ ಫ್ರಿಜ್ ವಿಷಯ ಆಮೇಲೆ ಹೇಳ್ತೀನಿ ಅಂದಿರಿ.

ನೊಣಸಾಕಿದವನು

ತೊಳೆದರೆ ಮೇಲೆ ಅಂಟಿರೋದು ಹೋಗುತ್ತೆ, ಬಿರುಕಿನೊಳಗೆ ಹೂತದ್ದು ಪೂರ್ತಿ ಹೋಗಲ್ಲ. ಬಾಳೆ, ಮಾವು, ಸೇಬು, ಸೀಬೆ ತೊಳೆದು ಒರೆಸಿ ಪೂರ್ತಿ ಒಣಗಿಸಿ ಇಡಿ. ಬಾಳೆಯ ತೊಟ್ಟಿನ ಕಡೆ ಬೆರಳಿನಿಂದ ಚೆನ್ನಾಗಿ ಉಜ್ಜಿ. ದ್ರಾಕ್ಷಿ, ಸ್ಟ್ರಾಬೆರಿ ಮಾತ್ರ ತಿನ್ನೋ ಹೊತ್ತಿಗೆ ತೊಳೀರಿ, ಒದ್ದೆ ಇಟ್ಟರೆ ಬೂಷ್ಟು ಬರುತ್ತೆ. ದ್ರಾಕ್ಷಿ ಗೊಂಚಲಲ್ಲಿ ಒಡೆದದ್ದು, ಉದುರಿದ್ದು ಇದ್ದರೆ ತಂದ ದಿನವೇ ಆರಿಸಿ ಎಸೀರಿ. ಒಂದು ಒಡೆದ ದ್ರಾಕ್ಷಿಯ ರಸ ಪಕ್ಕದ ಹತ್ತಕ್ಕೆ ಹತ್ತುತ್ತೆ.

ಉಪ್ಪುನೀರಿನ ವಿಷಯ ನಿಜ. ಡ್ರಾಸೊಫಿಲಾದಲ್ಲೇ ಇನ್ನೊಂದು ಜಾತಿ ಇದೆ, ಡ್ರಾಸೊಫಿಲಾ ಸುಜುಕಿಐ. ಗಂಡಿನ ರೆಕ್ಕೆ ಮೇಲೆ ಒಂದೊಂದು ಕಪ್ಪು ಚುಕ್ಕೆ. ನಾನು ಸಾಕಿದ್ದಕ್ಕೆ ಇಲ್ಲದ ಆಯುಧ ಇದಕ್ಕಿದೆ, ಮೊಟ್ಟೆ ಇಡೋ ಕೊಳವೆ ತುದೀಲಿ ಗರಗಸದ ಹಲ್ಲು. ಅದರಿಂದ ಸ್ಟ್ರಾಬೆರಿ, ಚೆರ್ರಿ, ಬ್ಲೂಬೆರಿ ಥರದ ತೆಳು ಸಿಪ್ಪೆಯ ಹಣ್ಣು ಗಿಡದಲ್ಲಿ ಹಣ್ಣಾಗ್ತಿರುವಾಗಲೇ ಕೊಯ್ದು ಒಳಗೆ ಇಡುತ್ತೆ. ಮೂಲ ಏಷ್ಯಾ. 2008ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ, ಅದೇ ವರ್ಷ ಸ್ಪೇನ್, ಇಟಲಿಗಳಲ್ಲೂ ಕಾಣಿಸಿಕೊಂಡು ಬೆರಿ ಬೆಳೆಯೋರ ನಿದ್ದೆ ಕೆಡಿಸಿತು. ಇದರ ಮರಿಹುಳ ಬೆಳ್ಳಗೆ, ಎಳೆ ಇದ್ದಾಗ ಕಣ್ಣಿಗೆ ಬೀಳೋದೇ ಕಷ್ಟ.

ಒಂದು ಲೀಟರ್ ನೀರಿಗೆ ನಾಲ್ಕು ದೊಡ್ಡ ಚಮಚ ಉಪ್ಪು ಕರಗಿಸಿ ಹಣ್ಣು ಮುಳುಗಿಸಿಡಿ. ಕಾಲು ಗಂಟೆಯಿಂದ ಅರ್ಧ ಗಂಟೆಯೊಳಗೆ ಇದ್ದವು ಹೊರಗೆ ತಲೆ ಹಾಕ್ತವೆ. ಫ್ರಿಜ್‌ನಿಂದ ತೆಗೆದ ತಣ್ಣನೆ ಹಣ್ಣಾದರೆ ಹುಳ ಜಡವಾಗಿರುತ್ತೆ, ಸ್ವಲ್ಪ ಹೊತ್ತು ಹೊರಗಿಟ್ಟು ಆಮೇಲೆ ಹಾಕಿ. ಎಲ್ಲವೂ ಬಂದೇ ಬರ್ತವೆ ಅಂತಿಲ್ಲ. ಆಮೇಲೆ ಸಿಹಿನೀರಲ್ಲಿ ಎರಡು ಸಲ ತೊಳೆದು ಆಗಲೇ ತಿಂದುಬಿಡಿ, ಇಟ್ಟರೆ ಮೆತ್ತಗಾಗುತ್ತೆ. ನನ್ನನ್ನ ಕೇಳಿದರೆ, ನೋಡದೆ ತಿನ್ನೋದು ಸುಖ. ನೋಡಲೇಬೇಕು ಅನ್ನೋರಿಗೆ ಇದು ದಾರಿ.

ಫ್ರಿಜ್. 4-5 ಡಿಗ್ರೀಲಿ ಮೊಟ್ಟೆ, ಮರಿಹುಳದ ಬೆಳವಣಿಗೆ ನಿಲ್ಲುತ್ತೆ, ಆದರೆ ಒಳಗೆ ಹಾಕಿದ ಕೂಡಲೇ ಸಾಯಲ್ಲ. ಹೊರಗೆ ತೆಗೆದು ಮರೆತರೆ ಮುಂದುವರಿಯಬಹುದು. ಇನ್ನೊಂದು ತೊಡಕು, ಕಾಯಿ ಮಾವು, ಹಸಿರು ಬಾಳೆ ಸುಮಾರು 12 ಡಿಗ್ರಿಗಿಂತ ಕೆಳಗೆ ಹೋದರೆ ಸರಿಯಾಗಿ ಹಣ್ಣಾಗಲ್ಲ, ಸಿಪ್ಪೆ ಕಪ್ಪಗಾಗುತ್ತೆ. ಅವನ್ನ ಹೊರಗೆ ಬಟ್ಟೆ ಕಟ್ಟಿ ಹಣ್ಣು ಮಾಡಿ, ಹಣ್ಣಾದ ಮೇಲೆ ಫ್ರಿಜ್‌ಗೆ ಹಾಕಿ. ಬಾಳೆಯ ಸಿಪ್ಪೆ ಕಪ್ಪಾದರೂ ಒಳಗೆ ಚೆನ್ನಾಗಿರುತ್ತೆ.

ಬಿಸಿನೀರಲ್ಲಿ ಅದ್ದಿದರೆ ಮಾವಿನೊಳಗಿನ ಹುಳ ಸಾಯುತ್ತಲ್ಲ ಅಂತ ಯಾರಾದರೂ ಕೇಳಬಹುದು. ರಫ್ತಿಗೆ ಹಾಗೆ ಮಾಡ್ತಾರೆ. ಮೆಕ್ಸಿಕೊ ಥರದ ದೇಶಗಳಿಂದ ಅಮೆರಿಕಕ್ಕೆ ಹೋಗೋ ಮಾವಿಗೆ 46.1 ಡಿಗ್ರಿ ನೀರು, ಹಣ್ಣಿನ ತೂಕ ನೋಡಿಕೊಂಡು 65ರಿಂದ 110 ನಿಮಿಷ. ಅಷ್ಟು ಹೊತ್ತು ಅದೇ ಬಿಸಿ ಹಿಡಿದಿಡೋದು ಗ್ಯಾಸ್ ಒಲೆ ಮೇಲೆ ಆಗೋ ಕೆಲಸ ಅಲ್ಲ. ಎರಡು ಡಿಗ್ರಿ ಕಡಿಮೆ ಆದರೆ ಹುಳ ಬದುಕುತ್ತೆ, ಹೆಚ್ಚಾದರೆ ಹಣ್ಣು ಬೇಯುತ್ತೆ. ಹೆಚ್ಚಿ ನೋಡಿ ತಿನ್ನೋದು ಸಲೀಸು.

ಪ್ರಶ್ನೆಮಾರ್ಕು

ನಾನೂ ಕೇಳ್ತೀನಿ. ಹೊರಗೆ ಒಂದು ಕಲೆ ಇಲ್ಲದ ಮಾವು, ತಿರುಳು ಚಿನ್ನದಂಗಿತ್ತು, ಗೊರಟೆ ಒಡೆದರೆ ಒಳಗೆ ಕಪ್ಪನೆ ದುಂಬಿ, ಜೀವ ಇತ್ತು! ಎಲ್ಲಿಂದ ಹೋಯ್ತು ಅದು? ಮತ್ತೆ ಅಂಜೂರದಲ್ಲಿ ಕಣಜ ಸತ್ತಿರುತ್ತೆ ಅನ್ನೋದು, ಸೇಬು ದಾಳಿಂಬೆಯ ತೂತು, ಇವುಗಳ ಬಗ್ಗೆ ಕೂಡ ಒಂದೊಂದು ಮಾತು ಹೇಳಿ.

ನೊಣಸಾಕಿದವನು

ಅದು ಗೊರಟೆಯ ಮೂತಿಹುಳು. ಕಾಯಿ ಇನ್ನೂ ಎಳೆಯದಾಗಿದ್ದಾಗ ತಾಯಿ ಸಿಪ್ಪೆ ಮೇಲೆ ಮೊಟ್ಟೆ ಇಡುತ್ತೆ, ಮರಿ ಕೂದಲೆಳೆಯಷ್ಟು ದಾರಿ ಕೊರೆದು ಎಳೇ ಬೀಜದೊಳಗೆ ಸೇರುತ್ತೆ. ಕಾಯಿ ಬೆಳೀತಾ ಆ ದಾರಿ ಮುಚ್ಚಿಹೋಗುತ್ತೆ. ಅದು ತಿನ್ನೋದು ಬೀಜ, ನೀವು ತಿನ್ನೋದು ತಿರುಳು. ಜಗಳ ಇಲ್ಲ. ಗೊರಟೆ ನೆಡಬೇಕು ಅನ್ನೋರಿಗೆ ಮಾತ್ರ ನಷ್ಟ.

ಅಂಜೂರ: ಅಂಗಡಿಗೆ ಬರೋ ಬಹುಪಾಲು ತಳಿಗಳು ಕಣಜ ಇಲ್ಲದೇ ಕಾಯಿ ಕಟ್ಟೋವು. ಕಣಜ ಬೇಕಾಗೋ ತಳಿಗಳಲ್ಲೂ ಹಣ್ಣಿನ ಫಿಸಿನ್ ಅನ್ನೋ ಕಿಣ್ವ ಸತ್ತ ಕಣಜವನ್ನ ಬಹುಮಟ್ಟಿಗೆ ಕರಗಿಸಿಬಿಡುತ್ತೆ. ಹಲ್ಲಿಗೆ ಸಿಗೋದು ಬೀಜ.

ಸೇಬಿನಲ್ಲಿ ತೂತು, ತೂತಿನ ಬಾಯಲ್ಲಿ ಕಂದು ಹೊಟ್ಟು ಕಂಡರೆ ಕಾಡ್ಲಿಂಗ್ ಪತಂಗದ ಮರಿ. ಕಂದು ತಲೆ, ನಸುಗೆಂಪು ಮೈ. ಬೀಜ ಹುಡುಕಿಕೊಂಡು ನಡುವಿಗೆ ಹೋಗುತ್ತೆ. ಒಂದು ಹಣ್ಣಿಗೆ ಸಾಮಾನ್ಯವಾಗಿ ಒಂದೇ. ಕೊರೆದ ಭಾಗ ಧಾರಾಳವಾಗಿ ಕೆತ್ತಿ ತೆಗೆದರೆ ಉಳಿದದ್ದು ತಿನ್ನಬಹುದು. ದಾಳಿಂಬೆಯ ತೂತಿನ ವಿಷಯದಲ್ಲಿ ನಾನು ಅಷ್ಟು ಉದಾರಿ ಅಲ್ಲ. ಅದು ಒಂದು ಚಿಟ್ಟೆಯ ಮರಿ ಕೊರೆದದ್ದು, ಆ ತೂತಿನಿಂದ ಬೂಷ್ಟು, ಬ್ಯಾಕ್ಟೀರಿಯಾ ಒಳಗೆ ನುಗ್ಗಿ ಕಾಳುಗಳು ಕೊಳೆತು ನಾರುತ್ತವೆ. ಇಡೀ ಹಣ್ಣು ಎಸೀರಿ.

ಹಣ್ಣಿನ ಸಂದಿಯಲ್ಲಿ ಬಿಳಿ ಹಿಟ್ಟಿನಂಥದ್ದು ಕಂಡರೆ ಅದು ಹಿಟ್ಟುತಿಗಣೆ. ಹರಿಯೋ ನೀರಿನ ಕೆಳಗೆ ಹಳೇ ಹಲ್ಲುಜ್ಜೋ ಬ್ರಶ್ಶಿನಿಂದ ಉಜ್ಜಿದರೆ ಹೋಗುತ್ತೆ. ಕಿತ್ತಳೆ ಸಿಪ್ಪೆ ಮೇಲಿನ ಕಂದು ಚುಕ್ಕೆ ಉಗುರಿಗೆ ಎದ್ದು ಬಂದರೆ ಅದೂ ಕೀಟವೇ, ಶಲ್ಕ ಕೀಟ. ಸಿಪ್ಪೆ ಸುಲಿದ ಮೇಲೆ ಅದರ ಚಿಂತೆ ಇಲ್ಲ.

ಬೆತ್ತದಬುಟ್ಟಿ

ಬುಟ್ಟಿ ಅಟ್ಟ ಸೇರಿತು. ಆಲಿಕೆ ಬಲೆಯಲ್ಲಿ ಮೊದಲು ಕಪ್ಪಗೆ ಕಾಣೋವಷ್ಟು ಬಿದ್ದವು, ಈಗ ಎಲ್ಲೋ ಒಂದೆರಡು. ಚಿಕ್ಕವನು ಚೆನ್ನಾಗಿದ್ದಾನೆ. ಹುಳದ ಸುದ್ದಿ ಅಕ್ಕನೇ ಹೇಳಿಬಿಟ್ಟಳು, ಅವನು "ಅದು ನನ್ನ ಹೊಟ್ಟೇಲಿ ಹಾರುತ್ತಾ" ಅಂತ ಕೇಳಿ ಸುಮ್ಮನಾದ.

ಆದರೆ ಸಿಂಕಿನ ಹತ್ತಿರ ಇನ್ನೂ ಕೆಲವು ಸಣ್ಣ ನೊಣ ಕೂತಿರ್ತವೆ. ವಿನೆಗರ್ ಕಡೆ ತಿರುಗಿಯೂ ನೋಡಲ್ಲ. ಕಿಟಕಿಯ ಹೂಕುಂಡದ ಹತ್ತಿರವೂ ಇವೆ. ಇವು ಅವೇನಾ?

ನೊಣಸಾಕಿದವನು

ವಿನೆಗರ್ ಬೇಡ ಅಂದ ಮೇಲೆ ಬೇರೆ ಜಾತಿ ಇರಬೇಕು. ಸಿಂಕಿನ ಹತ್ತಿರದ್ದನ್ನ ಹತ್ತಿರದಿಂದ ನೋಡಿ. ಮೈ, ರೆಕ್ಕೆ ತುಂಬ ರೋಮ ಇದ್ದು, ಕೂತಾಗ ರೆಕ್ಕೆ ಅಗಲಕ್ಕೆ ಹರಡಿ ಪುಟ್ಟ ಪತಂಗದ ಥರ ಕಂಡರೆ ಚರಂಡಿ ನೊಣ. ರಾತ್ರಿ ಸಿಂಕು ಒಣಗಿಸಿ, ನೀರು ಹೋಗೋ ತೂತಿನ ಮೇಲೆ ಅಂಟು ಕೆಳಗಾಗೋ ಹಾಗೆ ಟೇಪ್ ಹಾಕಿ, ಗಾಳಿಯಾಡೋಕೆ ಅಂಚಲ್ಲಿ ಸ್ವಲ್ಪ ಬಿಡಿ. ಬೆಳಗ್ಗೆ ನೊಣ ಅಂಟಿದ್ದರೆ ಹುಟ್ಟೋ ಜಾಗ ಒಳಗೇ. ಬ್ಲೀಚು ಸುರಿದರೆ ಅದು ಲೋಳೆಯ ಮೇಲಿಂದ ಜಾರಿ ಹೋಗುತ್ತೆ, ಮರಿಗಳು ಲೋಳೆಯ ಒಳಗಿರ್ತವೆ. ಉದ್ದ ಹಿಡಿಯ ಬ್ರಶ್ಶು ಹಾಕಿ ಪೈಪಿನ ಗೋಡೆ ಉಜ್ಜಿ ಲೋಳೆ ಎಬ್ಬಿಸಿ, ಆಮೇಲೆ ಬಿಸಿನೀರು ಬಿಡಿ. ಒಂದು ವಾರ ದಿನ ಬಿಟ್ಟು ದಿನ ಮಾಡಿ.

ಕುಂಡದ ಹತ್ತಿರದ್ದು ಕಡ್ಡಿ ಮೈ, ಉದ್ದ ಕಾಲಿನದ್ದಾದರೆ ಮಣ್ಣಿನ ಶಿಲೀಂಧ್ರ ತಿನ್ನೋ ನುಸಿ. ನೀರು ಜಾಸ್ತಿ ಹಾಕ್ತಿದೀರಿ. ಮೇಲಿನ ಒಂದಿಂಚು ಮಣ್ಣು ಪೂರ್ತಿ ಒಣಗೋವರೆಗೆ ನೀರು ನಿಲ್ಲಿಸಿ, ಹಳದಿ ಅಂಟುಕಾಗದ ಒಂದು ಕುಂಡಕ್ಕೆ ಚುಚ್ಚಿಡಿ.